ಹಳೆಯ ಸ್ಟರ್ಲಿಂಗ್ ಬೆಳ್ಳಿ: ಮುದ್ರೆ ಓದುವ ಮೊದಲು ಹಲ್ಲು ನೋಡಿ

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ. ದುಡ್ಡು ಕೊಟ್ಟು ತರುವ ಬೆಳ್ಳಿ ಫೋರ್ಕಿನ ಹಲ್ಲನ್ನು ಮಾತ್ರ ಎಣಿಸಬೇಕು, ಅಳೆಯಬೇಕು, ಬೆರಳಿನಿಂದ ಮುಟ್ಟಿಯೂ ನೋಡಬೇಕು. ಹಳೆಯ ಸ್ಟರ್ಲಿಂಗ್ ಸಂಗ್ರಹಕ್ಕೆ ಹೊಸದಾಗಿ ಇಳಿದವರು ಭೂತಗನ್ನಡಿ ಹಿಡಿದು ಮೊದಲು ಹುಡುಕುವುದು ಶುದ್ಧತೆಗೆ ಸಾಕ್ಷಿಯಾಗಿ ಒತ್ತಿದ ಮುದ್ರೆಯನ್ನು, ಅಂದರೆ ಹಾಲ್‌ಮಾರ್ಕನ್ನು. ಅದು ಹೇಳುವುದು ಆ ವಸ್ತು ತಯಾರಾದ ಕಾಲದ ಸಂಗತಿಯನ್ನಷ್ಟೇ. ಆಮೇಲೆ ಇನ್ನೂರು ವರ್ಷ ಅದು ಹೇಗೆ ಸವೆಯಿತು, ಯಾರು ರಿಪೇರಿ ಮಾಡಿದರು, ಏನನ್ನು ಉಜ್ಜಿ ಅಳಿಸಿದರು ಅನ್ನುವುದೆಲ್ಲ ಲೋಹದ ಮೇಲೇ ಇದೆ. ಒಂದೇ ವರ್ಷದ, ಒಬ್ಬನೇ ತಯಾರಕನ ಎರಡು ಫೋರ್ಕುಗಳಲ್ಲಿ ಒಂದಕ್ಕೆ ದುಪ್ಪಟ್ಟು ಬೆಲೆ ಬರುವುದು ಈ ಕಾರಣಕ್ಕೆ.

ಊಟದ ತಟ್ಟೆಗೆ ದಿನವೂ ತಗುಲುವ ಹಲ್ಲಿನ ತುದಿ ಮೊದಲು ಸವೆಯುತ್ತದೆ. ಎಲ್ಲ ಹಲ್ಲೂ ಒಂದೇ ಸಮ ಸವೆಯುವುದಿಲ್ಲ. ಬಳಸಿದವರ ಕೈವಾಟಕ್ಕೆ ತಕ್ಕಂತೆ ಅಂಚಿನ ಒಂದು ಹಲ್ಲು ಮೋಟಾಗುತ್ತದೆ. ಆಗ ರಿಪೇರಿಯವರು ಉಳಿದ ಹಲ್ಲುಗಳನ್ನೂ ಅರದಿಂದ ಉಜ್ಜಿ ಅದೇ ಅಳತೆಗೆ ತರುತ್ತಾರೆ. ಸಮ ಕಾಣುತ್ತದೆ ಅಂತ ಮೋಸಹೋಗುವುದು ಇಲ್ಲೇ. ಅಸಲಿ ಹಲ್ಲು ತುದಿಯತ್ತ ಕ್ರಮೇಣ ತೆಳ್ಳಗಾಗುತ್ತದೆ. ಕತ್ತರಿಸಿದ ಹಲ್ಲು ತುದಿಯಲ್ಲೂ ದಪ್ಪಗೆ, ಚೌಕವಾಗಿ ನಿಲ್ಲುತ್ತದೆ. ಸೆಟ್ ಕೊಳ್ಳುವುದಾದರೆ ಎಲ್ಲ ಫೋರ್ಕುಗಳನ್ನು ಒಂದರ ಮೇಲೊಂದು ಜೋಡಿಸಿ, ಹಲ್ಲುಗಳು ಕವಲೊಡೆಯುವ ಜಾಗವನ್ನು ಸರಿಹೊಂದಿಸಿ, ಪಕ್ಕದಿಂದ ನೋಡಿ. ಉದ್ದದಲ್ಲಿ ಎರಡು ಮೂರು ಮಿಲಿಮೀಟರ್ ಏರುಪೇರಿದ್ದರೆ ಅಲ್ಲೇ ಎದ್ದು ಕಾಣುತ್ತದೆ.

ಚಮಚದಲ್ಲಿ ನೋಡಬೇಕಾದ್ದು ಬಟ್ಟಲಿನ ಮೂತಿ. ಬಲಗೈಯವರು ಬಳಸಿದ ಚಮಚ ಎಡಬದಿಯ ತುದಿಯಲ್ಲಿ ಹೆಚ್ಚು ಸವೆದಿರುತ್ತದೆ. ಬಿಳಿ ಹಾಳೆಯ ಮೇಲೆ ಅದನ್ನು ಬೋರಲು ಇಟ್ಟು ಚೂಪು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಿರಿ, ಹಾಳೆಯನ್ನು ನಡುವೆ ಉದ್ದಕ್ಕೆ ಮಡಚಿ ಬೆಳಕಿಗೆ ಹಿಡಿಯಿರಿ. ಎರಡೂ ಗೆರೆ ಕೂಡಿಕೊಂಡರೆ ಬಟ್ಟಲು ಚೆನ್ನಾಗಿದೆ. ಓರೆಯನ್ನು ಉಜ್ಜಿ ಸರಿಮಾಡಿದ್ದರೆ ಗೆರೆ ಕೂಡಬಹುದು, ಆದರೆ ಅಂಚು ಚಾಕುವಿನಂತೆ ಹರಿತವಾಗಿರುತ್ತದೆ. ಹೆಬ್ಬೆರಳು ಸುತ್ತ ಆಡಿಸಿದರೆ ಗೊತ್ತಾಗುತ್ತದೆ. ಹಿಂಬದಿಯಲ್ಲಿ ಚಿಪ್ಪಿನ ಚಿತ್ರವೋ ಹಿಡಿಯಿಂದ ಇಳಿದುಬರುವ ಉಬ್ಬುಗೆರೆಯೋ ಇದ್ದರೆ ಅದರ ಚೂಪನ್ನು ನೋಡಿ. ಮೇಜಿನ ಮೇಲೆ ಉಜ್ಜಿಕೊಂಡು ಮೊದಲು ಮಾಯವಾಗುವುದು ಅದು.

ಮೂರನೆಯದು ಅಳಿಸಿದ ಕೆತ್ತನೆ. ಹಿಡಿಯ ಮೇಲೆ ಮನೆತನದ ಲಾಂಛನ, ಇನಿಷಿಯಲ್‌ಗಳಿದ್ದರೆ ಮುಂದಿನ ಮಾಲೀಕರು ಅದನ್ನು ತೆಗೆಸುತ್ತಿದ್ದುದು ಸಾಮಾನ್ಯ. ತೆಗೆಸುವುದು ಅಂದರೆ ಆ ಜಾಗದ ಬೆಳ್ಳಿಯನ್ನೇ ಉಜ್ಜಿಹಾಕುವುದು. ಬಾಯಿಂದ ಹಬೆ ಊದಿದರೆ ಮಂಜಿನ ಪದರದಲ್ಲಿ ಹಳೆಯ ಗೆರೆ ಕ್ಷಣಕಾಲ ಮೂಡಿ ಮರೆಯಾಗುತ್ತದೆ. ತಟ್ಟೆ, ಟ್ರೇಗಳ ನಡುಭಾಗವನ್ನು ಎರಡೂ ಹೆಬ್ಬೆರಳಿಂದ ಒತ್ತಿ ನೋಡಿ. ಡಬ್ಬಿಯ ಮುಚ್ಚಳದ ಹಾಗೆ ಒಳಗೆ ಕುಗ್ಗಿ ಹೊರಗೆ ಬಂದರೆ ಅಲ್ಲಿ ಲೋಹ ಉಳಿದಿಲ್ಲ. ಕೆತ್ತನೆಯಿರುವ ವಸ್ತುವಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ ಎಂಬುದು ನಿಜ, ಅಮೆರಿಕದ ಸೆಟ್‌ಗಳಲ್ಲಂತೂ ಇನ್ನೂ ಕಡಿಮೆ. ನನ್ನ ಮಟ್ಟಿಗೆ ಯಾರದೋ ಇನಿಷಿಯಲ್ ಇರುವ ಗಟ್ಟಿ ಚಮಚ, ಅಳಿಸಿ ತೆಳುವಾದ ಖಾಲಿ ಚಮಚಕ್ಕಿಂತ ಎಷ್ಟೋ ಮೇಲು. 18ನೇ ಶತಮಾನದ ಮೊದಲ ಭಾಗದ, ಹಿಡಿಯ ತುದಿ ಮೇಲಕ್ಕೆ ಬಾಗಿದ ಹ್ಯಾನೋವೇರಿಯನ್ ಮಾದರಿಯಲ್ಲಿ ಕೆತ್ತನೆ ಹಿಂಬದಿಯಲ್ಲಿರುತ್ತದೆ. ಅದು ತಪ್ಪಲ್ಲ, ಆಗ ಚಮಚವನ್ನು ಮೇಜಿನ ಮೇಲೆ ಬೋರಲಾಗಿ ಇಡುತ್ತಿದ್ದರು. ಸುಮಾರು 1760ರ ನಂತರ ಓಲ್ಡ್ ಇಂಗ್ಲಿಷ್ ಮಾದರಿ ಬಂದು, ಹಿಡಿಯ ತುದಿ ಕೆಳಗೆ ಬಾಗಿ, ಕೆತ್ತನೆ ಮುಂಬದಿಗೆ ಬಂತು.

ಇನ್ನು ಮುದ್ರೆಗಳು. ಸ್ಟರ್ಲಿಂಗ್ ಅಂದರೆ 1000ಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಇಂಗ್ಲೆಂಡಿನಲ್ಲಿ ಇದರ ಗುರುತು ಒಂದು ಪಂಜ ಎತ್ತಿ ನಡೆಯುತ್ತಿರುವ ಸಿಂಹ, 1544ರಿಂದ. 1697ರಿಂದ 1720ರವರೆಗೆ ಮಾತ್ರ ಇನ್ನೂ ಶುದ್ಧವಾದ 958ರ ಬ್ರಿಟಾನಿಯಾ ಬೆಳ್ಳಿ ಕಡ್ಡಾಯವಾಗಿತ್ತು; ಆ ಕಾಲದ ಚಮಚದಲ್ಲಿ ನಡೆಯುವ ಸಿಂಹ ಕಾಣದಿದ್ದರೆ ಗಾಬರಿ ಬೇಡ, ಕುಳಿತ ಸ್ತ್ರೀಯ ಆಕೃತಿ ಇರುತ್ತದೆ. ಊರಿನ ಗುರುತಾಗಿ ಲಂಡನ್ನಿಗೆ ಚಿರತೆಯ ಮುಖ, 1773ರಲ್ಲಿ ಪರೀಕ್ಷಾ ಕಚೇರಿ (ಶುದ್ಧತೆ ನೋಡಿ ಮುದ್ರೆ ಒತ್ತುವ ಕಚೇರಿ) ಪಡೆದ ಬರ್ಮಿಂಗ್‌ಹ್ಯಾಮಿಗೆ ಲಂಗರು, ಅದೇ ವರ್ಷದ ಶೆಫೀಲ್ಡಿಗೆ ಕಿರೀಟ (1975ರಿಂದ ಗುಲಾಬಿ), ಎಡಿನ್‌ಬರೋಗೆ ಕೋಟೆ. ಲಂಡನ್ನಿನ ಚಿರತೆಯ ತಲೆ ಮೇಲಿನ ಕಿರೀಟ 1821ರಲ್ಲಿ ಹೋಯಿತು. 1784ರಿಂದ 1890ರವರೆಗೆ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿಯಾಗಿ ರಾಜ ಅಥವಾ ರಾಣಿಯ ತಲೆ ಬೇರೆ.

ಮುದ್ರೆ ಒತ್ತಿದ ವರ್ಷ ಸೂಚಿಸಲು ಒಂದು ಅಕ್ಷರವೂ ಇರುತ್ತದೆ. ಈ ವರ್ಷದ ಅಕ್ಷರದಲ್ಲೇ ಬಹಳ ಜನ ಎಡವುವುದು. ಲಂಡನ್ನಿನ ಸುತ್ತು 20 ಅಕ್ಷರಗಳದು: ಎ ಇಂದ ಯು ತನಕ, ಜೆ ಬಿಟ್ಟು. ಇಪ್ಪತ್ತು ವರ್ಷಕ್ಕೊಮ್ಮೆ ಅಕ್ಷರದ ಶೈಲಿ, ಗುರಾಣಿಯ ಆಕಾರ ಬದಲಾಗಿ ಮತ್ತೆ ಎ ಇಂದ ಶುರು. 1776ಕ್ಕೂ ಸಣ್ಣ ಎ, 1816ಕ್ಕೂ ಸಣ್ಣ ಎ. ಸವೆದ ಚಮಚದ ಮೇಲೆ ಎರಡೂ ಅಣ್ಣತಮ್ಮಂದಿರಂತೆ. ಬೇರ್ಪಡಿಸುವುದು ಸುಲಭ: ರಾಜನ ತಲೆ ಪಕ್ಕದಲ್ಲಿದ್ದರೆ 1816, ಇಲ್ಲದಿದ್ದರೆ 1776. ಇನ್ನೊಂದು ಸುಳಿವು ಮುದ್ರೆ ಎಲ್ಲಿದೆ ಅನ್ನುವುದು. ಸುಮಾರು 1780ರವರೆಗೆ ಹಿಡಿಯ ಕೆಳಗೆ, ಬಟ್ಟಲಿನ ಹತ್ತಿರ ಒತ್ತುತ್ತಿದ್ದರು; ಆಮೇಲೆ ಹಿಡಿಯ ಅಗಲ ತುದಿಯ ಹತ್ತಿರ. ಕೆಳಗೆ ಒತ್ತಿದಾಗ ಸಣ್ಣ ಹಿಡಿ ಚಪ್ಪಟೆಯಾಗುತ್ತಿತ್ತು, ಅದನ್ನು ಮತ್ತೆ ಬಡಿದು ಸರಿಮಾಡುವಾಗ ಮುದ್ರೆ ಹಿಗ್ಗಿ, ಸೊಟ್ಟಗಾಗಿ ಕೂರುತ್ತಿತ್ತು. ಹಾಗಾಗಿ 1750ರ ಚಮಚದ ಮೇಲೆ ಸೊಟ್ಟ ಮುದ್ರೆ ಇರುವುದು ಸಹಜ. ನೀಟಾಗಿ, ಹೊಳೆಯುವಂತೆ ಇದ್ದರೇ ಅನುಮಾನ.

ಅಮೆರಿಕದಲ್ಲಿ ಇಂಥ ಸರ್ಕಾರಿ ಪರೀಕ್ಷಾ ಕಚೇರಿಗಳ ವ್ಯವಸ್ಥೆ ಬೆಳೆಯಲಿಲ್ಲ. ತಯಾರಕರೇ ‘ಸ್ಟರ್ಲಿಂಗ್’ ಎಂದು ಅಚ್ಚೊತ್ತುತ್ತಾರೆ. 19ನೇ ಶತಮಾನದ ನಡುವಿನವರೆಗೆ ಅಲ್ಲಿ ಹೆಚ್ಚಾಗಿ ಇದ್ದದ್ದು ಸುಮಾರು 900ರ ‘ಕಾಯಿನ್’ ಬೆಳ್ಳಿ. ಗೋರ್ಹಮ್ ಕಂಪನಿ 1868ರಲ್ಲಿ ಸ್ಟರ್ಲಿಂಗಿಗೆ ಬದಲಾಯಿತು. ಅದರ ಗುರುತು ಸಿಂಹ, ಲಂಗರು, ಜಿ ಅಕ್ಷರ. ಇದನ್ನು ಬರ್ಮಿಂಗ್‌ಹ್ಯಾಮಿನ ಹಾಲ್‌ಮಾರ್ಕ್ ಎಂದು ಬರೆದು ಮಾರುವವರು ಈಗಲೂ ಇದ್ದಾರೆ. ಬ್ರಿಟಿಷ್ ಮುದ್ರೆಯಲ್ಲಿ ‘ಸ್ಟರ್ಲಿಂಗ್’ ಎಂಬ ಪದ ಸಾಮಾನ್ಯವಾಗಿ ಇರುವುದೇ ಇಲ್ಲ ಎಂಬುದೊಂದು ನೆನಪಿದ್ದರೆ ಸಾಕು.

ಲೇಪದ ಮಾಲು ಹೆಸರಿನಲ್ಲೇ ಗೊಂದಲ ಎಬ್ಬಿಸುತ್ತದೆ. ಇ.ಪಿ.ಎನ್.ಎಸ್. (ನಿಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪ), ಎ1, ಕ್ವಾಡ್ರುಪಲ್ ಪ್ಲೇಟ್, ಎಲ್ಲವೂ ಮೇಲೆ ಬೆಳ್ಳಿ ನೀರು ಕುಡಿಸಿದವೇ. ‘ಜರ್ಮನ್ ಸಿಲ್ವರ್’, ‘ನಿಕಲ್ ಸಿಲ್ವರ್’ಗಳಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೆ. ‘1847 ರೋಜರ್ಸ್ ಬ್ರದರ್ಸ್’ ಎಂದಿದ್ದರೆ 1847 ಬ್ರ್ಯಾಂಡಿನ ಭಾಗ, ಚಮಚದ ಹುಟ್ಟಿದ ವರ್ಷವಲ್ಲ, ಮಾಲೂ ಲೇಪದ್ದೇ. ಶೆಫೀಲ್ಡಿನ ಲೇಪದ ತಯಾರಕರು ತಮ್ಮ ಇನಿಷಿಯಲ್‌ಗಳನ್ನು ಗುರಾಣಿಯೊಳಗೆ ಸಾಲಾಗಿ ಒತ್ತಿ ಹಾಲ್‌ಮಾರ್ಕಿನಂತೆ ಕಾಣಿಸುತ್ತಿದ್ದರು. ಸಿಂಹ ಇದೆಯಾ ನೋಡಿ. ಇಲ್ಲದಿದ್ದರೆ ಸಾಲು ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ.

ಪೂರ್ತಿ ಖೋಟಾ ಮಾಲಿಗಿಂತ ಅಪಾಯಕಾರಿಯಾದದ್ದು ರೂಪ ಬದಲಿಸಿದ ಅಸಲಿ ಮಾಲು. ಜಾರ್ಜಿಯನ್ ಕಾಲದ (1714ರಿಂದ 1830) ದೊಡ್ಡ ಚಮಚಗಳು ಬೇಕಾದಷ್ಟು ಸಿಗುತ್ತವೆ, ಜೋಡಿಯಾಗುವ ಫೋರ್ಕುಗಳು ಸಿಗುವುದಿಲ್ಲ. ಆದ್ದರಿಂದ ಚಮಚದ ಬಟ್ಟಲನ್ನು ಬಡಿದು, ಸೀಳಿ, ಫೋರ್ಕ್ ಮಾಡುವ ಕಸುಬು ಬಹಳ ಹಿಂದೆಯೇ ಶುರುವಾಯಿತು. ಸಿಂಹ ಅಸಲಿ, ಅಕ್ಷರ ಅಸಲಿ, ಫೋರ್ಕ್ ನಕಲಿ. ಹಲ್ಲುಗಳ ಬುಡ ತೆಳುವಾಗಿ, ಬಾಗಿಸಿದರೆ ಬಾಗುವಂತಿದ್ದರೆ, ಬುಡದಲ್ಲಿ ಬಟ್ಟಲಿನ ಹಿಂಬದಿಯ ಹನಿಯಾಕಾರದ ಉಬ್ಬಿನ ಅವಶೇಷ ಕಂಡರೆ ಬಿಟ್ಟುಬಿಡಿ. ಇನ್ನೊಂದು ಜಾತಿ ಅಚ್ಚಿಗೆ ಎರಕ ಹೊಯ್ದದ್ದು. ಒಂದು ಅಸಲಿ ಫೋರ್ಕಿನಿಂದ ಅಚ್ಚು ತೆಗೆದು ಹನ್ನೊಂದು ಹೊಯ್ದರೆ ಹನ್ನೆರಡರಲ್ಲೂ ತಯಾರಕನ ಮುದ್ರೆ ಒಂದೇ ಕೂದಲೆಳೆ ಜಾಗದಲ್ಲಿ, ಒಂದೇ ಓರೆಯಲ್ಲಿ, ಒಂದೇ ಗೀರಿನ ಸಮೇತ ಇರುತ್ತದೆ. ಠಸ್ಸೆ ಹಿಡಿದು ಸುತ್ತಿಗೆಯಿಂದ ಒಂದೊಂದಾಗಿ ಹೊಡೆದ ಮುದ್ರೆ ಹಾಗೆ ಬರಲು ಸಾಧ್ಯವೇ ಇಲ್ಲ. ಎರಕದ ಮುದ್ರೆಯ ಅಂಚು ಮೊಂಡು, ತಳದಲ್ಲಿ ಸೂಜಿಮೊನೆಯಂಥ ಗುಂಡಿಗಳು; 10 ಪಟ್ಟು ದೊಡ್ಡದು ಮಾಡುವ ಲೂಪಿನಲ್ಲಿ ಸ್ಪಷ್ಟ ಕಾಣುತ್ತವೆ. ಸರಳ ಚಮಚಕ್ಕೆ ಹಣ್ಣು-ಎಲೆಗಳ ಉಬ್ಬುಚಿತ್ರ ಹೊಡೆದು, ಬಟ್ಟಲಿಗೆ ಚಿನ್ನದ ನೀರು ಕೊಟ್ಟ ‘ಬೆರ್ರಿ ಸ್ಪೂನ್’ಗಳು ವಿಕ್ಟೋರಿಯನ್ ಕಾಲದ ಹವ್ಯಾಸ. ಅಂದವಾಗಿವೆ, ಉಡುಗೊರೆಗೆ ಚೆನ್ನ. 1790ರ ಅಸಲಿ ಚಮಚದ ಬೆಲೆ ಮಾತ್ರ ಕೊಡಬೇಡಿ. ಲಂಡನ್ನಿನ ಹೆಸರಾಂತ ಬೆಳ್ಳಿ ಕೆಲಸಗಾರ್ತಿ ಹೆಸ್ಟರ್ ಬೇಟ್‌ಮನ್ ಮುದ್ರೆಯಿದ್ದರೆ ಎರಡು ಪಟ್ಟು ಎಚ್ಚರ ಬೇಕು. 1761ರಲ್ಲಿ ಮುದ್ರೆ ನೋಂದಾಯಿಸಿ 1790ರಲ್ಲಿ ನಿವೃತ್ತಳಾದವಳ ಹೆಸರಿಗೆ ಜನ ಮುಗಿಬೀಳುವುದರಿಂದ, ಸವೆದು ಸಣಕಲಾದ ಚಮಚವೂ ಆ ಹೆಸರಿನ ಮೇಲೆ ದುಬಾರಿಗೆ ಹೋಗುತ್ತದೆ.

ಮುದ್ರೆ ಓದಲಾಗದಿದ್ದರೆ ಸಾಂದ್ರತೆ ಅಳೆಯಬಹುದು. ಆಸಿಡ್ ಹಾಕಿ ಕಲೆ ಮಾಡುವುದಕ್ಕಿಂತ ಇದು ಲೇಸು. 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಚಮಚವನ್ನು ಒಣಗಿದ್ದಾಗ ತೂಗಿ ಬರೆದುಕೊಳ್ಳಿ. ಎತ್ತರದ ಲೋಟದಲ್ಲಿ ನೀರು ತುಂಬಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ (ಗುಳ್ಳೆ ಅಂಟಿಕೊಳ್ಳದಿರಲು), ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಚಮಚವನ್ನು ತೆಳ್ಳನೆ ದಾರಕ್ಕೆ ಕಟ್ಟಿ ಪೂರ್ತಿ ಮುಳುಗುವಂತೆ, ತಳಕ್ಕೂ ಗೋಡೆಗೂ ತಾಗದಂತೆ ಇಳಿಬಿಡಿ. ಈಗ ತಕ್ಕಡಿ ತೋರಿಸುವ ಗ್ರಾಂ ಲೆಕ್ಕವೇ ಚಮಚದ ಗಾತ್ರ, ಘನ ಸೆಂಟಿಮೀಟರಿನಲ್ಲಿ. ಒಣ ತೂಕ 62.2, ನೀರಿನಲ್ಲಿ ಏರಿದ್ದು 6.0 ಆದರೆ ಭಾಗಿಸಿದಾಗ 10.37, ಸ್ಟರ್ಲಿಂಗ್ ಇರಬೇಕಾದ್ದೂ ಅಷ್ಟೇ. ಅದೇ ತೂಕದ ಲೇಪದ ಚಮಚ 7.1ರಷ್ಟು ತೋರಿಸಿ ಉತ್ತರ 8.8ರ ಆಸುಪಾಸು ಬರುತ್ತದೆ. ಟೀ ಚಮಚದಂಥ ಹಗುರ ವಸ್ತುವಿಗೆ 0.1 ಗ್ರಾಮಿನ ತಪ್ಪೇ ಉತ್ತರವನ್ನು ಎತ್ತಿಹಾಕುತ್ತದೆ, ಆದ್ದರಿಂದ ಒಂದೇ ಸೆಟ್ಟಿನ ನಾಲ್ಕಾರು ಚಮಚಗಳನ್ನು ಒಟ್ಟಿಗೆ ಕಟ್ಟಿ ಮುಳುಗಿಸಿ. 925ನ್ನೂ 800ನ್ನೂ ಬೇರ್ಪಡಿಸುವಷ್ಟು ಸೂಕ್ಷ್ಮ ಈ ವಿಧಾನಕ್ಕಿಲ್ಲ. ಅಯಸ್ಕಾಂತವನ್ನಂತೂ ನಂಬಲೇಬೇಡಿ, ಹಿತ್ತಾಳೆಯೂ ಅದಕ್ಕೆ ಅಂಟುವುದಿಲ್ಲ. ಎಕ್ಸ್‌ರೇ ಗನ್ (ಲೋಹ ಪರೀಕ್ಷಿಸುವ ಕೈಯಂತ್ರ) ನೋಡುವುದು ಮೇಲ್ಪದರವನ್ನು, ದಪ್ಪ ಲೇಪ ಅದನ್ನೂ ಏಮಾರಿಸುತ್ತದೆ.

ಚಾಕುಗಳ ವಿಷಯವೇ ಬೇರೆ. ಹಿಡಿ ಟೊಳ್ಳು: ತೆಳು ಬೆಳ್ಳಿ ತಗಡಿನ ಎರಡು ಹೋಳುಗಳನ್ನು ಬೆಸೆದು, ಒಳಗೆ ರಾಳವೋ ಸಿಮೆಂಟೋ ತುಂಬಿ, ಅಲಗಿನ ಬಾಲವನ್ನು ಅದರಲ್ಲಿ ಕೂರಿಸಿರುತ್ತಾರೆ. ಬಿಸಿನೀರಲ್ಲಿ ನೆನೆಹಾಕಿದರೆ ರಾಳ ಕರಗುತ್ತದೆ, ಹಿಗ್ಗುತ್ತದೆ. ಬೆಸುಗೆ ಬಿಟ್ಟು ಹಿಡಿ ಉದ್ದಕ್ಕೆ ಸೀಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಲಗಲ ಅಂದರೆ ತುಂಬಿದ್ದು ಪುಡಿಯಾಗಿದೆ. ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದ್ದು 1913ರಲ್ಲಿ. 1890ರ ಹಿಡಿಗೆ ಸ್ಟೇನ್‌ಲೆಸ್ ಅಲಗು ಇದ್ದರೆ ಅಲಗು ಆಮೇಲೆ ಬದಲಿಸಿದ್ದು. ಊಟಕ್ಕೆ ಬಳಸುವವರಿಗೆ ಅದೇ ಅನುಕೂಲ. ಬೆಲೆ ಮಾತಾಡುವಾಗ ಮಾತ್ರ ಬಾಯಿಬಿಡಿ.

ಅಮೆರಿಕದ ಮಾದರಿಗಳನ್ನು ಕೂಡಿಸುವವರು ಅಳತೆಪಟ್ಟಿ ಜೊತೆಗಿಟ್ಟುಕೊಳ್ಳಬೇಕು. ಗೋರ್ಹಮ್‌ನ ಶಾಂಟಿಲಿ (1895), ರೀಡ್ ಆಂಡ್ ಬಾರ್ಟನ್‌ನ ಫ್ರಾನ್ಸಿಸ್ 1 (1907), ವಾಲೇಸ್‌ನ ಗ್ರ್ಯಾಂಡ್ ಬರೋಕ್ (1941) ಇಂಥವು ದಶಕಗಟ್ಟಲೆ ತಯಾರಾಗಿದ್ದರಿಂದ ಬಿಡಿ ತುಂಡುಗಳು ಸಿಗುತ್ತಲೇ ಇರುತ್ತವೆ. ಆದರೆ ಒಂದೇ ಮಾದರಿಯಲ್ಲಿ ಲಂಚನ್ ಫೋರ್ಕ್ ಸುಮಾರು 7 ಇಂಚು, ಡಿನ್ನರ್ ಫೋರ್ಕ್ ಏಳೂವರೆ ಇಂಚಿಗೂ ಹೆಚ್ಚು. ಫೋಟೋದಲ್ಲಿ ಎರಡೂ ಒಂದೇ. ಮೂರು ಅಳತೆ ಬೆರೆತ ಸೆಟ್ ಮನೆಗೆ ಬಂದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ, ಕೊಳ್ಳುವ ಮೊದಲೇ ಉದ್ದ ಮತ್ತು ತೂಕ ಎರಡನ್ನೂ ಬರೆಸಿಕೊಳ್ಳಿ. ತೂಕ ಯಾಕೆಂದರೆ ಒಂದೇ ಮಾದರಿಯನ್ನು ಹಗುರ, ಭಾರ ಅಂತ ಬೇರೆ ಬೇರೆ ದಪ್ಪದಲ್ಲಿ ಮಾಡಿದ್ದೂ ಉಂಟು.

ಟೀಪಾಟ್, ಕ್ರೀಮ್ ಜಗ್, ಕ್ಯಾಂಡಲ್‌ಸ್ಟಿಕ್‌ಗಳ ಬಗ್ಗೆ ಎರಡು ಮಾತು. ಬೇರ್ಪಡುವ ಮುಚ್ಚಳದ ಮೇಲೂ ಸಿಂಹ ಮತ್ತು ತಯಾರಕನ ಗುರುತು ಇರಬೇಕು, ದೇಹದ ಮುದ್ರೆಗೆ ಹೊಂದಬೇಕು. ಮೂತಿ, ಹಿಡಿ, ಕೀಲು ಸೇರುವ ಕಡೆ ಬೂದು ಬಣ್ಣದ ಗಂಟು ಕಂಡರೆ ಅದು ಸೀಸದ ಬೆಸುಗೆ. ಮುಂದೆ ಯಾರಾದರೂ ಸರಿಯಾಗಿ ಬೆಸೆಯಲು ಕಾಯಿಸಿದರೆ ಆ ಸೀಸ ಬೆಳ್ಳಿಯನ್ನು ತಿಂದು ತೂತು ಮಾಡುತ್ತದೆ. ಟೀಪಾಟಿನ ಹಿಡಿಯಲ್ಲಿ ಶಾಖ ತಡೆಯುವ ಬಿಳಿ ಬಿಲ್ಲೆ ದಂತದ್ದಾಗಿದ್ದರೆ ದೇಶದ ಗಡಿ ದಾಟಿಸಲು ಪರವಾನಗಿ ಬೇಕು, ಬ್ರಿಟನ್ನಿನಲ್ಲಿ ಮಾರಾಟಕ್ಕೂ ನೋಂದಣಿ ಕೇಳುತ್ತಾರೆ. ‘ವೆಯ್ಟೆಡ್’ ಎಂದು ಕೆಳಗೆ ಬರೆದ ಕ್ಯಾಂಡಲ್‌ಸ್ಟಿಕ್ ತೂಗಿ ಬೆಳ್ಳಿ ಲೆಕ್ಕ ಹಾಕಬೇಡಿ, ತೂಕದ ಬಹುಪಾಲು ಒಳಗಿನ ಸಿಮೆಂಟಿನದು.

ಲೋಹದ ಬೆಲೆ ಲೆಕ್ಕ ಹೀಗೆ: ಗ್ರಾಂ ತೂಕವನ್ನು 0.925ರಿಂದ ಗುಣಿಸಿ 31.1ರಿಂದ ಭಾಗಿಸಿದರೆ ಶುದ್ಧ ಬೆಳ್ಳಿ ಟ್ರಾಯ್ ಔನ್ಸಿನಲ್ಲಿ ಬರುತ್ತದೆ, ಅದನ್ನು ಅಂದಿನ ದರಕ್ಕೆ ಗುಣಿಸಿ. ಟೊಳ್ಳು ಚಾಕುಗಳನ್ನು ಬದಿಗಿಡಿ. ಈ ಮೊತ್ತ ಬೆಲೆಯ ತಳ, ಅದರ ಮೇಲೆ ಕೊಡುವುದೆಲ್ಲ ವಯಸ್ಸಿಗೆ, ಕೆಲಸಕ್ಕೆ, ಅಪರೂಪಕ್ಕೆ. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಲೆಕ್ಕವಿಲ್ಲದಷ್ಟು ಸೆಟ್‌ಗಳು ಕುಲುಮೆಗೆ ಬಿದ್ದವು. ದರ ಏರಿದಾಗಲೆಲ್ಲ ಮೊದಲು ಕರಗುವುದು ಸವೆದ, ಬಿಡಿ, ಹೆಸರಿಲ್ಲದ ತುಂಡುಗಳು. ಅಂಥ ಸಮಯದಲ್ಲಿ ಕರಗಿಸುವವರ ಬುಟ್ಟಿಯಲ್ಲಿ ಕೈಯಾಡಿಸಿದರೆ ಒಳ್ಳೆಯ ಮಾಲು ಲೋಹದ ಬೆಲೆಗೇ ಸಿಗುತ್ತದೆ.

ತಂದ ಮೇಲೆ ಹೊಳಪಿಸುವ ಉಮೇದು ಬೇಡ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದಿಂದ. ಪ್ರತಿ ಸಲ ಪಾಲಿಶ್ ಮಾಡಿದಾಗ ಆ ಕಪ್ಪಿನ ಜೊತೆ ಒಂದಿಷ್ಟು ಬೆಳ್ಳಿಯೂ ಬಟ್ಟೆಗೆ ಹೋಗುತ್ತದೆ. ಬೆಚ್ಚಗಿನ ನೀರು, ಸೌಮ್ಯ ಸೋಪು, ಆ ಕ್ಷಣವೇ ಮೆತ್ತನೆ ಹತ್ತಿ ಬಟ್ಟೆಯಿಂದ ಒರೆಸುವುದು: ತೊಂಬತ್ತು ಪಾಲು ಇಷ್ಟರಲ್ಲೇ ಮುಗಿಯುತ್ತದೆ. ಉಳಿದ ಕಲೆಗೆ ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು (ರಾಸಾಯನಿಕವಾಗಿ ತಯಾರಿಸಿದ ಕ್ಯಾಲ್ಸಿಯಂ ಕಾರ್ಬೊನೇಟ್) ಡಿಸ್ಟಿಲ್ಡ್ ನೀರಲ್ಲಿ ಕಲಸಿ, ಹತ್ತಿಯಿಂದ ಉದ್ದಕ್ಕೆ ಉಜ್ಜಿ. ಟೂತ್‌ಪೇಸ್ಟ್ ಗೀರು ಬೀಳಿಸುತ್ತದೆ. ಅದ್ದಿ ತೆಗೆಯುವ ಡಿಪ್ ದ್ರಾವಣ ಚಿತ್ತಾರದ ತಗ್ಗುಗಳಲ್ಲಿರುವ ಕಪ್ಪನ್ನೂ ತಿಂದುಹಾಕುತ್ತದೆ, ಆ ಕಪ್ಪು ಹೋದರೆ ಉಬ್ಬುಚಿತ್ರ ಚಪ್ಪಟೆಯಾಗಿ ಕಾಣುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಕುದಿನೀರಿನ ಮನೆಮದ್ದು ಬೆಳ್ಳಿ ತೆಗೆಯುವುದಿಲ್ಲ, ಗಂಧಕವನ್ನು ಅಲ್ಯೂಮಿನಿಯಮ್ಮಿಗೆ ದಾಟಿಸುತ್ತದೆ. ಅದು ನಿಜ. ಆದರೂ ತಗ್ಗಿನ ಕಪ್ಪನ್ನು ಬಿಡುವುದಿಲ್ಲ, ಮೇಲ್ಮೈ ಮಂಕಾಗುತ್ತದೆ, ಟೊಳ್ಳು ಹಿಡಿಯೊಳಗೆ ನೀರು ಸೇರುತ್ತದೆ. ಸಾದಾ ಚಮಚಕ್ಕೆ ಒಮ್ಮೆ ಮಾಡಬಹುದು. ಯಂತ್ರದ ಬಫಿಂಗಿಗೆ ಕೊಡಲೇಬೇಡಿ. ತಯಾರಿಸುವಾಗ ಕಾಯಿಸಿದ್ದರಿಂದ ಬೆಳ್ಳಿಯ ಮೇಲ್ಪದರದ ಕೆಳಗೆ ತಾಮ್ರ ಕೆಂಪಾಗಿ ನಿಂತಿರುತ್ತದೆ. ಬಫಿಂಗಿನಲ್ಲಿ ಮೇಲಿನ ಬಿಳಿ ಪದರ ಹೋದರೆ ಮೋಡದಂಥ ನೇರಳೆ ಮಚ್ಚೆ ಎದ್ದುಬರುತ್ತದೆ, ಅದನ್ನು ತೆಗೆಯಲು ಹೋದರೆ ಮುದ್ರೆಯೂ ಹೋಗುತ್ತದೆ.

ಉಪ್ಪು ಬೆಳ್ಳಿಗೆ ಕಪ್ಪಿಗಿಂತ ದೊಡ್ಡ ಶತ್ರು. ಉಪ್ಪಿನ ಬಟ್ಟಲಲ್ಲಿ ರಾತ್ರಿಯಿಡೀ ಬಿಟ್ಟರೆ ತಾಮ್ರವನ್ನು ತಿಂದು ಗುಂಡಿ ಬೀಳಿಸುತ್ತದೆ, ಆ ಗುಂಡಿ ಯಾವ ಪಾಲಿಶಿಗೂ ಹೋಗುವುದಿಲ್ಲ. ಹಳೆಯ ಉಪ್ಪಿನ ಬಟ್ಟಲುಗಳ ಒಳಗೆ ಚಿನ್ನದ ನೀರು ಅಥವಾ ನೀಲಿ ಗಾಜಿನ ಬಟ್ಟಲು ಇರುವುದು ಅದಕ್ಕೇ. ಮೊಟ್ಟೆ ತಿಂದ ಚಮಚವನ್ನು ತಕ್ಷಣ ತೊಳೆಯಿರಿ. ಡಿಶ್‌ವಾಷರಿನಲ್ಲಿ ಸ್ಟೀಲಿನ ಪಕ್ಕ ತಾಗಿ ಕುಳಿತ ಬೆಳ್ಳಿಗೆ ಕಪ್ಪು ಚುಕ್ಕೆ ಬೀಳುತ್ತದೆ, ಆ ಡಬ್ಬದ ಕಡೆ ಒಯ್ಯಲೇಬೇಡಿ.

ಎತ್ತಿಡುವಾಗ ರಬ್ಬರ್ ಬ್ಯಾಂಡ್ ಹಾಕಬೇಡಿ. ಬಟ್ಟೆ ಸುತ್ತಿದ್ದರೂ ಅದರ ಗಂಧಕ ದಾಟಿಬಂದು ಹಿಡಿಯ ಮೇಲೆ ಕಪ್ಪು ಪಟ್ಟೆ ಕೂರಿಸುತ್ತದೆ. ಉಣ್ಣೆ, ಫೆಲ್ಟ್, ಪತ್ರಿಕೆ ಕಾಗದಗಳೂ ಅದೇ ಜಾತಿ. ಬೆಳ್ಳಿ ಕಣ ಸೇರಿಸಿ ನೇಯ್ದ ಕಂದು ಬಣ್ಣದ ‘ಪೆಸಿಫಿಕ್ ಕ್ಲಾತ್’ ಚೀಲ ಒಳ್ಳೆಯದು. ಆ ಕಣಗಳು ಗಂಧಕವನ್ನು ತಾವೇ ಹೀರಿಕೊಳ್ಳುತ್ತವೆ. ಅದು ಇಲ್ಲದಿದ್ದರೆ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಜಿಪ್ ಇರುವ ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ, ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ. ಬಳಸುವ ಸೆಟ್ಟನ್ನು ಸುತ್ತಿಡುವುದೇ ಬೇಡ. ದಿನ ಬಳಸಿ ತೊಳೆದು ಒರೆಸುವ ಬೆಳ್ಳಿ ಕಪ್ಪಾಗುವುದು ಬಹಳ ನಿಧಾನ. ತೊಳೆದ ಚಮಚವನ್ನು ಸಾಲಿನ ಕೊನೆಗೆ ಇಟ್ಟು ಮುಂದಿನಿಂದ ತೆಗೆದುಕೊಂಡರೆ ಹನ್ನೆರಡೂ ಸಮ ಸವೆಯುತ್ತವೆ. ಪ್ರತಿ ತುಂಡಿನ ಉದ್ದ, ತೂಕ, ಮುದ್ರೆಯ ಫೋಟೋ ಒಂದು ಕಡತದಲ್ಲಿರಲಿ; ಫೋಟೋಕ್ಕೆ ಬೆಳಕು ಓರೆಯಾಗಿ, ಒಂದೇ ಬದಿಯಿಂದ ಬೀಳಬೇಕು, ಎದುರಿನಿಂದ ಬಿದ್ದರೆ ಮುದ್ರೆ ಹೊಳಪಿನಲ್ಲಿ ಮುಚ್ಚಿಹೋಗುತ್ತದೆ.